ವಿಶ್ವಕ್ಕೆ ಕೊನೆ ಇದೆಯಾ ಇಲ್ವಾ? ಅಳೆದು ನೋಡಿದವರು ಏನು ಹೇಳುತ್ತಾರೆ?

ವಿನೋಬನಗರದವನು
ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ನಮ್ಮ ಗುಂಪಿನಲ್ಲಿ ಶುರುವಾದ ವಾದ ಇನ್ನೂ ಮುಗಿದಿಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ಒಬ್ಬ ಹೇಳುತ್ತಾನೆ, ವಿಶ್ವದ ಅಗಲ 9300 ಕೋಟಿ ಜ್ಯೋತಿರ್ವರ್ಷ ಅಂತ ವಿಜ್ಞಾನಿಗಳೇ ಲೆಕ್ಕ ಕೊಟ್ಟಿದ್ದಾರೆ, ಅಳತೆ ಇದೆ ಅಂದಮೇಲೆ ಕೊನೆಯೂ ಇದೆ, ಮಾತು ಮುಗಿಯಿತು. ಇನ್ನೊಬ್ಬ ಹೇಳುತ್ತಾನೆ, ವಿಶ್ವ ಚಪ್ಪಟೆ ಅಂತ ಉಪಗ್ರಹ ಕಳಿಸಿ ಕಂಡುಕೊಂಡಿದ್ದಾರೆ, ಚಪ್ಪಟೆ ಅಂದರೆ ಕೊನೆಯೇ ಇಲ್ಲ. ಇಬ್ಬರೂ ವಿಡಿಯೋ ನೋಡಿಕೊಂಡೇ ಬಂದಿದ್ದಾರೆ. ನನಗೆ ಎರಡೂ ಸರಿ ಅನ್ನಿಸುತ್ತೆ, ಆದರೆ ಎರಡೂ ಒಟ್ಟಿಗೆ ಸರಿ ಇರಲು ಆಗಲ್ಲ ಅಲ್ವಾ? ತಿಳಿದವರು ಹೇಳಿ. ಸುಮ್ನೆ ಲಿಂಕ್ ಹಾಕಬೇಡಿ, ಅರ್ಥ ಆಗುವ ಹಾಗೆ ಬರೆಯಿರಿ.

ದುರ್ಗದ ಮೇಷ್ಟ್ರು
ಇಬ್ಬರೂ ಹಿಡಿದುಕೊಂಡಿರುವ ಮಾಹಿತಿ ಸರಿ ಇದೆ. ಇಬ್ಬರೂ ಅದರಿಂದ ಹಾರಿದ ತೀರ್ಮಾನ ಸರಿ ಇಲ್ಲ. ನಾನು ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳುವವನು, ಈ ಪ್ರಶ್ನೆ ಅಂದರೆ ನನಗೆ ಪ್ರಾಣ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಆ 9300 ಕೋಟಿ. ಅದು ಇಡೀ ವಿಶ್ವದ ಅಗಲ ಅಲ್ಲ, ನಮಗೆ ಕಾಣಲು ಸಾಧ್ಯ ಇರುವ ಭಾಗದ ಅಗಲ. ವಿಶ್ವ ಶುರುವಾಗಿ ಸುಮಾರು 1380 ಕೋಟಿ ವರ್ಷ ಆಗಿದೆ. ಅಷ್ಟು ಕಾಲದಲ್ಲಿ ಎಷ್ಟು ದೂರದ ಬೆಳಕು ನಮ್ಮನ್ನು ತಲುಪಬಹುದೋ ಅಲ್ಲಿಗೆ ನಮ್ಮ ನೋಟ ನಿಲ್ಲುತ್ತೆ. ಹಾಗಾದರೆ ಆ ದೂರ 1380 ಕೋಟಿ ಜ್ಯೋತಿರ್ವರ್ಷ ಆಗಬೇಕಿತ್ತು ಅಂತ ಕೇಳಬಹುದು. ಬೆಳಕು ದಾರಿಯಲ್ಲಿ ಇದ್ದಾಗಲೇ ದಾರಿ ಹಿಗ್ಗುತ್ತಾ ಇತ್ತು. ಅದು ಹೊರಟ ಜಾಗ ಈಗ ಸುಮಾರು 4650 ಕೋಟಿ ಜ್ಯೋತಿರ್ವರ್ಷ ದೂರಕ್ಕೆ ಹೋಗಿಬಿಟ್ಟಿದೆ. ಎರಡೂ ಕಡೆ ಕೂಡಿಸಿ, 9300 ಬರುತ್ತೆ. ಆ ಅಂಚಿನಲ್ಲಿ ಗೋಡೆ ಏನೂ ಇಲ್ಲ. ಅಲ್ಲಿ ಯಾರಾದರೂ ನಿಂತು ನೋಡಿದರೆ ಅವರ ಸುತ್ತಲೂ ಇಷ್ಟೇ ದೊಡ್ಡ ಗೋಳ ಕಾಣುತ್ತೆ, ಅದರ ಅಂಚಿನಲ್ಲಿ ನಾವಿರುತ್ತೇವೆ.

ಚಪ್ಪಟೆ ಅನ್ನುವ ಎರಡನೇ ಮಾತಿಗೆ ಆಮೇಲೆ ಬರುತ್ತೇನೆ, ಊಟಕ್ಕೆ ಕರೆಯುತ್ತಿದ್ದಾರೆ.

ಜಗಳೂರು ಸೀಮೆ
ಮೇಷ್ಟ್ರು ಬರುವವರೆಗೆ ನನ್ನದೊಂದು. ರಾತ್ರಿ ಮೂರು ಫೇಸ್ ಕರೆಂಟ್ ಬಂದಾಗ ಮೋಟಾರ್ ಹಾಕಲು ಹೊಲಕ್ಕೆ ಹೋಗುತ್ತೇನೆ. ನಮ್ಮ ಕಡೆ ಆಕಾಶ ಇನ್ನೂ ಚೆನ್ನಾಗಿದೆ, ಗುಡ್ಡದ ಮೇಲಿನ ಫ್ಯಾನ್‌ಗಳ ಕೆಂಪು ದೀಪ ಬಿಟ್ಟರೆ ಬೇರೆ ಬೆಳಕಿಲ್ಲ. ನಕ್ಷತ್ರಗಳಿಗೆ ಕೊನೆಯೇ ಇಲ್ಲ ಅಂದರೆ ಯಾವ ಕಡೆ ನೋಡಿದರೂ ಕಣ್ಣು ಒಂದಲ್ಲ ಒಂದು ನಕ್ಷತ್ರಕ್ಕೆ ತಾಗಲೇಬೇಕು. ಹತ್ತಿರದ್ದು ಸಿಗದಿದ್ದರೆ ದೂರದ್ದು, ಅದೂ ಇಲ್ಲದಿದ್ದರೆ ಅದರ ಹಿಂದಿನದ್ದು. ಆಗ ರಾತ್ರಿಯೂ ಆಕಾಶ ಬೆಳ್ಳಗೆ ಇರಬೇಕಿತ್ತಲ್ಲ? ಕತ್ತಲೆ ಇದೆ ಅಂದಮೇಲೆ ಎಲ್ಲೋ ಒಂದು ಕಡೆ ಮುಗಿದಿರಬೇಕು ಅಂತ ನನ್ನ ತಲೆಗೆ ಬರುತ್ತೆ.

ಚಳ್ಳಕೆರೆ ಹುಡುಗಿ
ಅಣ್ಣಾ, ಇದನ್ನೇ ಕೆಪ್ಲರ್ 1610ರಲ್ಲಿ ಹೇಳಿದ್ದ! ಕತ್ತಲೆ ಇದೆ, ಆದ್ದರಿಂದ ವಿಶ್ವಕ್ಕೆ ಮಿತಿ ಇದೆ ಅಂತಲೇ ಅವನ ವಾದ. 1823ರಲ್ಲಿ ಹೈನ್ರಿಕ್ ಓಲ್ಬರ್ಸ್ ಅನ್ನುವ ಜರ್ಮನ್ ವೈದ್ಯ ಮತ್ತೆ ಎತ್ತಿದ, ಈಗ ಅವನ ಹೆಸರಲ್ಲೇ ಕರೆಯುತ್ತಾರೆ. ದೂರದ ನಕ್ಷತ್ರ ಮಂಕಾಗಿ ಕಾಣುತ್ತೆ ನಿಜ, ಆದರೆ ದೂರ ಹೋದಂತೆ ನಕ್ಷತ್ರಗಳ ಸಂಖ್ಯೆಯೂ ಅದೇ ಪ್ರಮಾಣದಲ್ಲಿ ಜಾಸ್ತಿ ಆಗುತ್ತೆ, ಒಂದಕ್ಕೊಂದು ಸರಿಹೋಗುತ್ತೆ. ಹಾಗಾಗಿ ಮಂಕಾಗುತ್ತೆ ಅನ್ನುವ ಉತ್ತರ ಸಾಲದು. ಧೂಳು ಅಡ್ಡ ಬರುತ್ತೆ ಅಂದರೂ ಆಗಲ್ಲ, ಅಷ್ಟು ಬೆಳಕು ಬಿದ್ದರೆ ಧೂಳೇ ಕಾದು ಹೊಳೆಯುತ್ತೆ.

ಉತ್ತರ ಇರುವುದು ಕಾಲದಲ್ಲಿ. ನಕ್ಷತ್ರಗಳು ಸದಾ ಕಾಲದಿಂದ ಉರಿಯುತ್ತಾ ಇಲ್ಲ. 1380 ಕೋಟಿ ವರ್ಷಕ್ಕಿಂತ ಹಳೆಯ ಬೆಳಕೇ ಇಲ್ಲ. ಬಹಳ ದೂರದವುಗಳ ಬೆಳಕು ಇನ್ನೂ ನಮ್ಮನ್ನು ತಲುಪಿಲ್ಲ. ಜೊತೆಗೆ ವಿಶ್ವ ಹಿಗ್ಗುವುದರಿಂದ ಬಂದ ಬೆಳಕಿನ ಶಕ್ತಿಯೂ ಕುಂದಿದೆ. ಅಂದರೆ ರಾತ್ರಿಯ ಕತ್ತಲೆ ಹೇಳುವುದು ವಿಶ್ವಕ್ಕೆ ವಯಸ್ಸಿದೆ ಅಂತ. ಜಾಗಕ್ಕೆ ಮಿತಿ ಇದೆಯೋ ಇಲ್ಲವೋ ಅಂತ ಅದು ಹೇಳಲ್ಲ. ಒಂದು ಉಪಕರಣವೂ ಇಲ್ಲದೆ ಬರೀ ಕಣ್ಣಲ್ಲಿ ವಿಶ್ವಕ್ಕೊಂದು ಶುರು ಇದೆ ಅನ್ನುವಲ್ಲಿಗೆ ಬರಬಹುದಿತ್ತು ಅನ್ನುವುದು ನನಗೆ ಇವತ್ತಿಗೂ ರೋಮಾಂಚನ.

ಜಗಳೂರು ಸೀಮೆ
ತಂಗಿ, ಇದು ಚೆನ್ನಾಗಿದೆ. ಇವತ್ತು ರಾತ್ರಿ ಮೋಟಾರ್ ಹಾಕುವಾಗ ಇದನ್ನೇ ಯೋಚನೆ ಮಾಡುತ್ತೇನೆ.

ದುರ್ಗದ ಮೇಷ್ಟ್ರು
ಊಟ ಆಯಿತು. ಈಗ ಚಪ್ಪಟೆ ವಿಷಯ, ನಿಜವಾದ ಗಲಾಟೆ ಇರುವುದು ಇಲ್ಲೇ.

ಮೂರು ಆಯಾಮದ ಜಾಗವೂ ಬಾಗಬಹುದು ಅಂತ ಐನ್‌ಸ್ಟೈನ್ ಸಿದ್ಧಾಂತ ಹೇಳುತ್ತೆ. ಬಾಗಿದೆಯಾ ಇಲ್ವಾ ಅಂತ ಹೊರಗೆ ಹೋಗಿ ನೋಡಲು ಆಗಲ್ಲ, ಒಳಗಿದ್ದುಕೊಂಡೇ ತಿಳಿಯಬೇಕು. ಅದಕ್ಕೆ ತ್ರಿಕೋನ ಸಾಕು. ಭೂಮಿಯ ಮೇಲೆ ಉತ್ತರ ಧ್ರುವದಿಂದ ಎರಡು ಗೆರೆ ಸಮಭಾಜಕಕ್ಕೆ ಎಳೆಯಿರಿ, ಎರಡರ ನಡುವೆ 90 ಡಿಗ್ರಿ ಇರಲಿ. ಕೆಳಗೆ ಎರಡೂ ಕಡೆ 90 ಬರುತ್ತೆ. ಒಟ್ಟು 270! ಶಾಲೆಯಲ್ಲಿ ಹೇಳಿಕೊಟ್ಟ 180 ಸಮತಟ್ಟು ಹಾಳೆಗೆ ಮಾತ್ರ.

ವಿಶ್ವದ ಮಟ್ಟಿಗೆ ಅಷ್ಟು ದೊಡ್ಡ ತ್ರಿಕೋನ ಎಲ್ಲಿ ಸಿಗುತ್ತೆ? ಪ್ರಕೃತಿಯೇ ಬರೆದಿಟ್ಟಿದೆ. ವಿಶ್ವಕ್ಕೆ ಸುಮಾರು 3,80,000 ವರ್ಷ ಆದಾಗ ಹೊರಟ ಬೆಳಕು ಈಗಲೂ ಎಲ್ಲ ದಿಕ್ಕಿನಿಂದ ಮೈಕ್ರೋವೇವ್ ರೂಪದಲ್ಲಿ ಬರುತ್ತಿದೆ. ಅದರಲ್ಲಿ ಒಂಚೂರು ಬಿಸಿ, ಒಂಚೂರು ತಣ್ಣಗಿನ ಮಚ್ಚೆಗಳಿವೆ, ವ್ಯತ್ಯಾಸ ಲಕ್ಷಕ್ಕೆ ಒಂದು ಪಾಲಿನಷ್ಟು. ಆ ಮಚ್ಚೆಗಳು ನಿಜಕ್ಕೂ ಎಷ್ಟು ದೊಡ್ಡವು ಅಂತ ಲೆಕ್ಕದಿಂದ ಗೊತ್ತು, ಯಾಕೆಂದರೆ ಆಗಿನ ಬಿಸಿ ಅನಿಲದಲ್ಲಿ ಶಬ್ದದ ಅಲೆ ಅಷ್ಟು ವರ್ಷದಲ್ಲಿ ಎಷ್ಟು ದೂರ ಹೋಗಿರಬಹುದು ಅನ್ನುವುದು ಭೌತಶಾಸ್ತ್ರದಲ್ಲಿ ಸಿಗುತ್ತೆ. ಅವು ಎಷ್ಟು ದೂರ ಇವೆ ಅಂತಲೂ ಗೊತ್ತು. ಆಕಾಶದಲ್ಲಿ ಎಷ್ಟು ಡಿಗ್ರಿ ಅಗಲ ಕಾಣುತ್ತವೆ ಅಂತ ಅಳೆದರೆ ತ್ರಿಕೋನ ಪೂರ್ತಿ ಆಯಿತು. ಜಾಗ ಗೋಳದ ಹಾಗೆ ಬಾಗಿದ್ದರೆ ಮಚ್ಚೆ ದೊಡ್ಡದಾಗಿ ಕಾಣಬೇಕು, ಉಲ್ಟಾ, ಅಂದರೆ ಕುದುರೆ ಜೀನಿನ ಹಾಗೆ, ಬಾಗಿದ್ದರೆ ಚಿಕ್ಕದಾಗಿ. ಚಪ್ಪಟೆ ಇದ್ದರೆ ಸುಮಾರು ಒಂದು ಡಿಗ್ರಿ, ಅಂದರೆ ಹುಣ್ಣಿಮೆ ಚಂದ್ರನ ಎರಡರಷ್ಟು ಅಗಲ.

1998ರ ಕೊನೆಯಲ್ಲಿ ಅಂಟಾರ್ಕ್ಟಿಕಾ ಮೇಲೆ ಬೂಮರಾಂಗ್ ಅನ್ನುವ ಪ್ರಯೋಗದ ಉಪಕರಣವನ್ನು ಬಲೂನಿಗೆ ಕಟ್ಟಿ ಹಾರಿಸಿದರು. 2000ದಲ್ಲಿ ಫಲಿತಾಂಶ ಬಂತು, ಸುಮಾರು ಒಂದು ಡಿಗ್ರಿ. ಆಮೇಲೆ 2001ರಲ್ಲಿ ಹೋದ ಡಬ್ಲ್ಯುಮ್ಯಾಪ್, 2009ರಲ್ಲಿ ಹೋದ ಪ್ಲಾಂಕ್ ಉಪಗ್ರಹ ಇನ್ನೂ ಚೊಕ್ಕವಾಗಿ ಅಳೆದವು. ಪ್ಲಾಂಕ್ ಮತ್ತು ಗೆಲಕ್ಸಿಗಳ ಹಂಚಿಕೆಯ ಮಾಹಿತಿ ಸೇರಿಸಿ 2018ರಲ್ಲಿ ಕೊಟ್ಟ ವಕ್ರತೆಯ, ಅಂದರೆ ಜಾಗ ಎಷ್ಟು ಬಾಗಿದೆ ಅನ್ನುವುದರ, ಬೆಲೆ 0.0007, ಹೆಚ್ಚುಕಡಿಮೆ 0.0019. ಸೊನ್ನೆ ಅಂದರೆ ಪೂರ್ತಿ ಚಪ್ಪಟೆ. ಈ ಹೆಚ್ಚುಕಡಿಮೆಯನ್ನು ದಯವಿಟ್ಟು ನೋಡಿ. ಅದು ಸೊನ್ನೆಯನ್ನೂ ಒಳಗೊಂಡಿದೆ, ಸ್ವಲ್ಪ ಬಾಗಿರುವುದನ್ನೂ ಒಳಗೊಂಡಿದೆ.

ವಿನೋಬನಗರದವನು
ಸರ್, ಅಂದರೆ ಚಪ್ಪಟೆ ಅಂತ ಖಚಿತ ಇಲ್ವಾ?

ಚಳ್ಳಕೆರೆ ಹುಡುಗಿ
ನಾನು ಲೆಕ್ಕ ಹಾಕಿ ನೋಡಿದೆ. ವಿಶ್ವ ಗೋಳದ ಹಾಗೆ ಬಾಗಿದೆ ಅಂದುಕೊಳ್ಳೋಣ, ಪ್ಲಾಂಕ್ ಅಳತೆಯ ಜೊತೆ ಜಗಳ ಆಗದಷ್ಟು ಮಾತ್ರ ಬಾಗಿದೆ ಅಂತಲೂ ಇರಲಿ. ಆಗ ಬಾಗಿನ ತ್ರಿಜ್ಯ 20,000 ಕೋಟಿ ಜ್ಯೋತಿರ್ವರ್ಷಕ್ಕಿಂತ ಜಾಸ್ತಿ ಇರಬೇಕು. ನಮಗೆ ಕಾಣುವ ಭಾಗದ ತ್ರಿಜ್ಯ 4650 ಕೋಟಿ. ನಾಲ್ಕು ಪಟ್ಟಿಗೂ ಮಿಕ್ಕಿ. ಅಂದರೆ ಹೀಗೆ ಗೋಳದ ಹಾಗೆ ಬಾಗಿ ವಿಶ್ವಕ್ಕೆ ಮಿತಿ ಇದ್ದರೂ ಅದು ನಾವು ನೋಡುವುದಕ್ಕಿಂತ ಬಹಳ ದೊಡ್ಡದು, ಇಷ್ಟಂತೂ ಧೈರ್ಯವಾಗಿ ಹೇಳಬಹುದು.

ಇನ್ನೊಂದು. 2019ರಲ್ಲಿ ಮೂವರು ವಿಜ್ಞಾನಿಗಳು ಪ್ಲಾಂಕ್ ಮಾಹಿತಿಯನ್ನೇ ಬೇರೆ ಥರ ನೋಡಿ, ವಿಶ್ವ ಗೋಳದ ಹಾಗೆ ಬಾಗಿ ಮುಚ್ಚಿಕೊಂಡಿರಬಹುದು ಅಂತ ಬರೆದಿದ್ದರು. ಮರುವರ್ಷ ಚಿಲಿಯ ಅಟಕಾಮಾ ದೂರದರ್ಶಕದ ಅಳತೆ ಮತ್ತೆ ಚಪ್ಪಟೆ ಕಡೆಗೇ ಬಂತು. ಬಹಳ ಜನ ಈಗ ಚಪ್ಪಟೆ ಅಂತಲೇ ಕೆಲಸ ಮಾಡುತ್ತಾರೆ, ಪ್ರಶ್ನೆ ಮಾತ್ರ ಮುಚ್ಚಿಲ್ಲ.

ದುರ್ಗದ ಮೇಷ್ಟ್ರು
ಲೆಕ್ಕ ಸರಿ ಇದೆ ಮಗಳೇ. ಆದರೆ ನನಗೆ ಮುಖ್ಯ ಅನ್ನಿಸುವುದು ಇದರ ಮುಂದಿನ ಮಾತು, ವಿಡಿಯೋಗಳಲ್ಲಿ ಇದನ್ನು ಯಾರೂ ಹೇಳುವುದೇ ಇಲ್ಲ, ಅದಕ್ಕೇ ನನಗೆ ಸಿಟ್ಟು.

ನೂರಕ್ಕೆ ನೂರು ಚಪ್ಪಟೆ ಅಂತ ಸಾಬೀತಾದರೂ ಅನಂತ ಅಂತ ಆಗಲ್ಲ. ಕೆಲವು ಮೊಬೈಲುಗಳಲ್ಲಿ ಹಾವಿನ ಆಟ ಇರುತ್ತಿತ್ತು. ಹಾವು ಬಲಗಡೆ ಹೊರಗೆ ಹೋದರೆ ಎಡಗಡೆಯಿಂದ ಬರುತ್ತೆ, ಮೇಲೆ ಹೋದರೆ ಕೆಳಗಿನಿಂದ. ಪರದೆ ಚಪ್ಪಟೆಯೇ, ಅದರಲ್ಲಿ ತ್ರಿಕೋನ ಬರೆದರೆ 180 ಡಿಗ್ರಿಯೇ. ಆದರೆ ಜಾಗಕ್ಕೆ ಮಿತಿ ಇದೆ, ಅಂಚು ಮಾತ್ರ ಇಲ್ಲ. ಮೂರು ಆಯಾಮದಲ್ಲೂ ಹೀಗೆ ಇರಬಹುದು. ನೇರ ಹೋಗುತ್ತಾ ಹೋದರೆ ಹೊರಟಲ್ಲಿಗೇ ಬರುವ ವಿಶ್ವ. ಐನ್‌ಸ್ಟೈನ್ ಸಮೀಕರಣ ಬಾಗು ಎಷ್ಟು ಅಂತ ಹೇಳುತ್ತೆ, ಜಾಗ ಹೇಗೆ ಜೋಡಣೆ ಆಗಿದೆ ಅಂತ ಹೇಳುವುದೇ ಇಲ್ಲ. ಆ ಜೋಡಣೆಗೆ ಗಣಿತದಲ್ಲಿ ಟೋಪಾಲಜಿ ಅನ್ನುತ್ತಾರೆ. ಜರ್ಮನ್ ಖಗೋಳ ವಿಜ್ಞಾನಿ ಕಾರ್ಲ್ ಶ್ವಾರ್ಜ್‌ಶಿಲ್ಡ್ 1900ರಲ್ಲೇ ಇದನ್ನು ಎತ್ತಿದ್ದ, ಸಾಪೇಕ್ಷತಾ ಸಿದ್ಧಾಂತ ಬರುವ ಮೊದಲೇ!

ಇದನ್ನು ಹುಡುಕಿಯೂ ನೋಡಿದ್ದಾರೆ. ವಿಶ್ವ ಸಾಕಷ್ಟು ಚಿಕ್ಕದಿದ್ದು ಹೀಗೆ ಸುತ್ತಿಕೊಂಡಿದ್ದರೆ, ಆ ಹಳೆಯ ಮೈಕ್ರೋವೇವ್ ಬೆಳಕಿನ ನಕಾಶೆಯಲ್ಲಿ ಬೇರೆ ಬೇರೆ ದಿಕ್ಕಿನಲ್ಲಿ ಒಂದೇ ಮಾದರಿಯ ಮಚ್ಚೆ ಇರುವ ಜೋಡಿ ವೃತ್ತಗಳು ಕಾಣಬೇಕು. ಒಂದೇ ಜಾಗವನ್ನು ಎರಡು ಕಡೆಯಿಂದ ನೋಡಿದ ಹಾಗೆ. 2004ರಲ್ಲಿ ಡಬ್ಲ್ಯುಮ್ಯಾಪ್ ನಕಾಶೆ ಜಾಲಾಡಿದರು, ಸಿಗಲಿಲ್ಲ. ಸುಮಾರು 7800 ಕೋಟಿ ಜ್ಯೋತಿರ್ವರ್ಷಕ್ಕಿಂತ ಚಿಕ್ಕ ವಿಶ್ವ ಇರಲಾರದು ಅಂತ ಆಗ ಬರೆದರು. ಅದಕ್ಕೆ ಒಂದು ವರ್ಷ ಮೊದಲು ಫ್ರಾನ್ಸಿನ ಜಾನ್ ಪಿಯರ್ ಲುಮಿನೆ ತಂಡ, ಹನ್ನೆರಡು ಐದುಮೂಲೆ ಮುಖಗಳ ಆಕಾರದಲ್ಲಿ ವಿಶ್ವ ಸುತ್ತಿಕೊಂಡಿರಬಹುದು ಅಂತ ಹೇಳಿತ್ತು. ಆ ನಕಾಶೆಯಲ್ಲಿ 60 ಡಿಗ್ರಿಗಿಂತ ದೊಡ್ಡ ಅಂತರದಲ್ಲಿ ಏರಿಳಿತ ನಿರೀಕ್ಷೆಗಿಂತ ಕಮ್ಮಿ ಇತ್ತು, ಅದಕ್ಕೆ ಕಾರಣ ಇದೇ ಅಂತ. ಎಷ್ಟು ಚೆಂದದ ಊಹೆ! ವೃತ್ತಗಳು ಸಿಗಲಿಲ್ಲ ಅಷ್ಟೇ.

ಹರಿಹರದ ಹಿರಿಯ
ಎಲ್ಲ ಓದಿದೆ. ನೀವೆಲ್ಲ ಬಲೂನು ಉಪಗ್ರಹ ಅನ್ನುತ್ತಿದ್ದೀರಿ, ಸಂತೋಷ. ಆದರೆ ಈ ಪ್ರಶ್ನೆ ನಮ್ಮಲ್ಲಿ ಎಷ್ಟು ಹಳೆಯದು ಅನ್ನುವುದನ್ನೂ ಸೇರಿಸಿ. ಜೈನರ ಲೆಕ್ಕದಲ್ಲಿ ಜೀವ, ಜಡ ಎಲ್ಲ ಇರುವ ಲೋಕಾಕಾಶಕ್ಕೆ ಮಿತಿ ಇದೆ, ಅದರ ಆಚೆಯ ಅಲೋಕಾಕಾಶಕ್ಕೆ ಮಿತಿ ಇಲ್ಲ. ವಸ್ತು ಬೇರೆ, ಜಾಗ ಬೇರೆ ಅಂತ ಬಿಡಿಸಿ ನೋಡಿದ್ದಾರೆ. ಇದು ಸಣ್ಣ ಯೋಚನೆ ಅಲ್ಲ.

ದುರ್ಗದ ಮೇಷ್ಟ್ರು
ಖಂಡಿತ ಸಣ್ಣದಲ್ಲ ಯಜಮಾನ್ರೇ. ಗ್ರೀಸಿನಲ್ಲಿ ಆರ್ಕಿಟಸ್ ಅನ್ನುವವನು ಕ್ರಿ.ಪೂ. 4ನೇ ಶತಮಾನದಲ್ಲಿ ಕೇಳಿದ್ದ, ವಿಶ್ವದ ಅಂಚಿನಲ್ಲಿ ನಿಂತು ಕೋಲು ಚಾಚಿದರೆ ಕೋಲು ಮುಂದೆ ಹೋಗುತ್ತೋ ಇಲ್ಲವೋ? ಹೋದರೆ ಅದು ಅಂಚೇ ಅಲ್ಲ. ಹೋಗದಿದ್ದರೆ ತಡೆಯುವುದು ಏನೋ ಆಚೆ ಇದೆ. ಎರಡು ಸಾವಿರ ವರ್ಷ ಜನ ಇದರ ಬಗ್ಗೆ ವಾದ ಮಾಡುತ್ತಲೇ ಇದ್ದರು. ಅಂಚು ಇಲ್ಲದೆಯೂ ಮಿತಿ ಇರಬಹುದು ಅನ್ನುವುದು 19ನೇ ಶತಮಾನದ ಗಣಿತದಿಂದ ಬಂತು. 1917ರಲ್ಲಿ ಐನ್‌ಸ್ಟೈನ್ ಬರೆದ ವಿಶ್ವ ಅಂಥದ್ದೇ. ಅದು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ ಅನ್ನುವ ಭಾಗ ಉಳಿಯಲಿಲ್ಲ, ಮಿತಿ ಇದೆ ಆದರೆ ಅಂಚಿಲ್ಲ ಅನ್ನುವ ಭಾಗ ಇವತ್ತಿಗೂ ಮೇಜಿನ ಮೇಲೆ ಇದೆ. ಕೋಲು ಎಲ್ಲಿ ಬೇಕಾದರೂ ಚಾಚಬಹುದು, ಆದರೂ ಜಾಗ ಲೆಕ್ಕಕ್ಕೆ ಸಿಗುವಷ್ಟೇ ಇದೆ.

ವಿನೋಬನಗರದವನು
ನನಗೆ ಇನ್ನೊಂದು ಕಡೆ ಸಿಕ್ಕಿಹಾಕಿಕೊಂಡಿದೆ. ಮಹಾಸ್ಫೋಟ ಒಂದು ಚುಕ್ಕಿಯಿಂದ ಶುರುವಾಯಿತು ಅನ್ನುತ್ತಾರೆ. ಚುಕ್ಕಿಯಿಂದ ಹಿಗ್ಗಿದ್ದು ಅನಂತ ಆಗೋದು ಹೇಗೆ? ಅನಂತವೇ ಆಗಿದ್ದರೆ ಹಿಗ್ಗೋದು ಎಲ್ಲಿಗೆ?

ಹರಿಹರದ ಹಿರಿಯ
ಎರಡನೆಯದಕ್ಕೆ ಭಾಸ್ಕರಾಚಾರ್ಯರೇ ಉತ್ತರ ಕೊಟ್ಟಿದ್ದಾರೆ ತಮ್ಮಾ. 12ನೇ ಶತಮಾನ. ಸೊನ್ನೆಯಿಂದ ಭಾಗಿಸಿದ ರಾಶಿಗೆ ಖಹರ ಅಂತ ಹೆಸರಿಟ್ಟು, ಅದಕ್ಕೆ ಎಷ್ಟು ಸೇರಿಸಿದರೂ ತೆಗೆದರೂ ಅದು ಬದಲಾಗಲ್ಲ ಅಂದರು.

ದುರ್ಗದ ಮೇಷ್ಟ್ರು
ಸರಿಯಾದ ಜಾಗದಲ್ಲಿ ಹೇಳಿದಿರಿ. ಹಿಗ್ಗುವುದು ಅಂದರೆ ಗೆಲಕ್ಸಿಗಳ ನಡುವಿನ ದೂರ ಜಾಸ್ತಿ ಆಗುವುದು. ಅದಕ್ಕೆ ಹೊರಗೆ ಖಾಲಿ ಜಾಗ ಬೇಕಿಲ್ಲ. ಅನಂತ ಜಾಗದಲ್ಲಿ ಎಲ್ಲ ದೂರಗಳೂ ಎರಡರಷ್ಟು ಆದರೆ ಆಗಲೂ ಅನಂತವೇ.

ಚುಕ್ಕಿ ಅನ್ನುವ ಮಾತು ಬಹಳ ದಾರಿ ತಪ್ಪಿಸಿದೆ. ಈಗ ನಮಗೆ ಕಾಣುವ ಭಾಗ ಆಗ ತೀರಾ ಚಿಕ್ಕದಾಗಿತ್ತು ಅಂತ ಹೇಳಬೇಕು. ವಿಶ್ವ ಈಗ ಅನಂತವಾಗಿದ್ದರೆ ಆಗಲೂ ಅನಂತವಾಗಿಯೇ ಇತ್ತು, ಎಲ್ಲ ಕಡೆಯೂ ಕಿಕ್ಕಿರಿದು, ಎಲ್ಲ ಕಡೆಯೂ ಕುದಿಯುತ್ತಾ. ಸ್ಫೋಟಕ್ಕೆ ಒಂದು ಜಾಗ ಅಂತ ಇರಲಿಲ್ಲ. ದಾವಣಗೆರೆಯಲ್ಲೂ ಆಯಿತು, ಆಂಡ್ರೊಮೀಡಾ ಗೆಲಕ್ಸಿಯಲ್ಲೂ ಆಯಿತು.

ಹೊಳಲ್ಕೆರೆ ಟೀಚರ್
ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲೇ, ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರ ಶಿಕ್ಷಕರ ತರಬೇತಿ ನಡೆಯುತ್ತೆ, ಗೊತ್ತಿಲ್ಲದವರಿಗೆ ಹೇಳುತ್ತಿದ್ದೇನೆ. ನನ್ನ ಪ್ರಶ್ನೆ ಏನೆಂದರೆ, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇಷ್ಟೆಲ್ಲ ಹೇಳಲು ಆಗಲ್ಲ. ಒಂದೇ ಸಾಲಿನಲ್ಲಿ ಏನು ಹೇಳಲಿ? ಇದೆ ಅನ್ನಲಾ, ಇಲ್ಲ ಅನ್ನಲಾ?

ದುರ್ಗದ ಮೇಷ್ಟ್ರು
ಟೀಚರ್, ಇದೆ ಅಂತಲೂ ಬೇಡ, ಇಲ್ಲ ಅಂತಲೂ ಬೇಡ. ಕಾಣುವ ಭಾಗಕ್ಕೆ ಮಿತಿ ಇದೆ, ಇಡೀ ವಿಶ್ವ ಅದಕ್ಕಿಂತ ಬಹಳ ದೊಡ್ಡದಿರಬಹುದು, ಅದಕ್ಕೆ ಮಿತಿ ಇದೆಯೋ ಇಲ್ಲವೋ ಇನ್ನೂ ಯಾರೂ ಅಳೆದಿಲ್ಲ. ಮಕ್ಕಳಿಗೆ ಇದು ನಿರಾಸೆ ಆಗಲ್ಲ. ಇನ್ನೂ ಉತ್ತರ ಸಿಗದ ಪ್ರಶ್ನೆ ಇದೆ ಅಂದರೆ ಮಕ್ಕಳ ಮುಖ ಹೇಗೆ ಅರಳುತ್ತೆ ಅಂತ ನಿಮಗೇ ಗೊತ್ತು.

ಇನ್ನೊಂದು ಸೇರಿಸಿದರೆ ಒಳ್ಳೆಯದು. ಈ ಎರಡು ಉತ್ತರಗಳು ಸಮಾನ ಅಲ್ಲ. ವಿಶ್ವಕ್ಕೆ ಮಿತಿ ಇದ್ದರೆ ಅದನ್ನು ಒಂದು ದಿನ ಕಂಡುಹಿಡಿಯಲು ಸಾಧ್ಯ. ಜೋಡಿ ವೃತ್ತ ಸಿಗಬಹುದು, ವಕ್ರತೆ ಗೋಳದ ಕಡೆಗೆ ಇದೆ ಅಂತ ಸ್ಪಷ್ಟ ಆಗಬಹುದು. ಆದರೆ ಅನಂತ ಅಂತ ಯಾವ ಉಪಕರಣವೂ ಯಾವತ್ತೂ ಅಳೆಯಲಾರದು. ವಕ್ರತೆ ಸರಿಯಾಗಿ ಸೊನ್ನೆ ಅಂತ ಹೇಳುವ ಅಳತೆ ಇಲ್ಲ, ಪ್ರತಿ ಅಳತೆಗೂ ಹೆಚ್ಚುಕಡಿಮೆ ಇದ್ದೇ ಇರುತ್ತೆ. ಅದೂ ಅಲ್ಲದೆ ಆ ಮಚ್ಚೆಗಳ ಏರಿಳಿತವೇ ಲಕ್ಷಕ್ಕೆ ಒಂದರಷ್ಟು ಇರುವುದರಿಂದ, ಅದಕ್ಕಿಂತ ಸಣ್ಣ ಬಾಗು ಇದ್ದರೆ ಅದು ಇಡೀ ವಿಶ್ವದ್ದೋ ನಮ್ಮ ಸುತ್ತಮುತ್ತಲಿನದ್ದೋ ಅಂತ ಬಿಡಿಸಿ ಹೇಳಲು ಆಗಲ್ಲ. ಹಾಗಾಗಿ ಯಾರಾದರೂ ವಿಶ್ವ ಅನಂತ ಅಂತ ಸಾಬೀತಾಗಿದೆ ಅಂದರೆ ಅವರ ಮಾತು ಅಲ್ಲೇ ನಿಲ್ಲಿಸಿ, ಹೇಗೆ ಅಂತ ಕೇಳಿ.

ಚಳ್ಳಕೆರೆ ಹುಡುಗಿ
ಸರ್, ಇಲ್ಲಿ ನಾನು ಪೂರ್ತಿ ಒಪ್ಪಲ್ಲ. ಅಳೆಯಲು ಆಗದಿದ್ದರೂ ಯಾವುದು ಸರಳ ಅಂತ ನೋಡಬಹುದು. ಸುತ್ತಿಕೊಂಡ ವಿಶ್ವ ಅಂದರೆ ಇಂಥ ಅಳತೆಗೇ ಸುತ್ತಿಕೊಂಡಿದೆ ಅಂತ ಒಂದು ಸಂಖ್ಯೆ ಹೊರಗಿನಿಂದ ತಂದು ಇಡಬೇಕು. ಯಾಕೆ ಅಷ್ಟೇ, ಯಾಕೆ ಅದರ ಎರಡರಷ್ಟಲ್ಲ? ಅನಂತ ಅಂದರೆ ಆ ಸಂಖ್ಯೆ ಬೇಕಿಲ್ಲ. ಯಾವ ದಿಕ್ಕಿನಲ್ಲಿ ನೋಡಿದರೂ ವಿಶ್ವ ಒಂದೇ ಥರ ಕಾಣುತ್ತೆ ಅನ್ನುವುದೂ ಇದಕ್ಕೆ ಹೊಂದುತ್ತೆ, ಸುತ್ತಿಕೊಂಡ ಚಪ್ಪಟೆ ವಿಶ್ವದಲ್ಲಿ ಎಲ್ಲ ದಿಕ್ಕೂ ಸಮ ಅಲ್ಲ. ಸಾಬೀತಾಗಿದೆ ಅನ್ನಲ್ಲ ನಾನು. ಆದರೆ ಪಣ ಕಟ್ಟು ಅಂದರೆ ಅನಂತದ ಮೇಲೆ ಕಟ್ಟುತ್ತೇನೆ.

ಜಗಳೂರು ಸೀಮೆ
ನನಗೆ ಅನಂತ ಅಂದರೆ ಭಯ ಆಗುತ್ತೆ ತಂಗಿ. ಎಲ್ಲೋ ಓದಿದ್ದೆ, ಅನಂತ ಜಾಗ ಇದ್ದು ಎಲ್ಲ ಕಡೆ ಇಲ್ಲಿನ ಹಾಗೇ ವಸ್ತು ಹರಡಿದ್ದರೆ, ಅಣುಗಳು ಜೋಡಣೆಯಾಗುವ ರೀತಿಗೆ ಮಿತಿ ಇರುವುದರಿಂದ ಎಲ್ಲೋ ದೂರದಲ್ಲಿ ಇದೇ ಜಗಳೂರು, ಇದೇ ಹೊಲ, ಇದೇ ನಾನು ಮತ್ತೊಮ್ಮೆ ಇರಲೇಬೇಕಂತೆ. ಒಮ್ಮೆ ಅಲ್ಲ, ಲೆಕ್ಕವಿಲ್ಲದಷ್ಟು ಸಲ. ಇದು ನಿಜವಾ?

ಚಳ್ಳಕೆರೆ ಹುಡುಗಿ
ಆ ವಾದ ಇದೆ ಅಣ್ಣಾ. ಎರಡು ಷರತ್ತು ಇವೆ, ನೀವೇ ಹೇಳಿದ್ದೀರಿ. ಎಲ್ಲ ಕಡೆ ಇದೇ ಥರ ಹರಡಿರಬೇಕು, ಜೋಡಣೆಗಳಿಗೆ ಮಿತಿ ಇರಬೇಕು. ಕಾಣುವ ಭಾಗದಲ್ಲಿ ಮೊದಲನೆಯದು ಸರಿ ಇದೆ, ಆಚೆಗೆ ಊಹೆ. ನಿಜವಾಗಿದ್ದರೂ ಆ ಇನ್ನೊಂದು ಜಗಳೂರಿನಿಂದ ಯಾವತ್ತೂ ಸುದ್ದಿ ಬರಲ್ಲ. ವಿಶ್ವ ಹಿಗ್ಗುವ ವೇಗ ಜಾಸ್ತಿ ಆಗುತ್ತಿದೆ ಅಂತ 1998ರಲ್ಲಿ ಗೊತ್ತಾಯಿತಲ್ಲ. ಅದರ ಪ್ರಕಾರ ಈಗ ಸುಮಾರು 1600-1700 ಕೋಟಿ ಜ್ಯೋತಿರ್ವರ್ಷಕ್ಕಿಂತ ಆಚೆ ಇರುವ ಗೆಲಕ್ಸಿಯಿಂದ ಇವತ್ತು ಹೊರಟ ಬೆಳಕು ಎಷ್ಟು ಕಾದರೂ ನಮಗೆ ಬರುವುದಿಲ್ಲ.

ಹೊಳಲ್ಕೆರೆ ಟೀಚರ್
ಹಾಗಾದರೆ ಇದು ವಿಜ್ಞಾನವಾ, ಬರೀ ತರ್ಕವಾ? ಮಕ್ಕಳು ಕೇಳಿಯೇ ಕೇಳುತ್ತಾರೆ.

ದುರ್ಗದ ಮೇಷ್ಟ್ರು
ನಕಲು ಜಗಳೂರು ತರ್ಕ. ಜೋಡಿ ವೃತ್ತ ಹುಡುಕುವುದು ವಿಜ್ಞಾನ. ವ್ಯತ್ಯಾಸ ಇಷ್ಟೇ, ಎರಡನೆಯದರಲ್ಲಿ ಇಲ್ಲ ಅನ್ನುವ ಉತ್ತರ ಬರುವ ಅವಕಾಶ ಇತ್ತು, ಬಂತು ಕೂಡ.

ಇದೆಲ್ಲ ಎಲ್ಲೋ ದೂರದವರ ಕೆಲಸ ಅಂತಲೂ ಮಕ್ಕಳು ಅಂದುಕೊಳ್ಳುವುದು ಬೇಡ. 2020ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸರಸ್ ಅನ್ನುವ ರೇಡಿಯೋ ಉಪಕರಣವನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟು ಮೊದಲ ನಕ್ಷತ್ರಗಳ ಕಾಲದ ಸಂಕೇತ ಹುಡುಕಿದರು. 2018ರಲ್ಲಿ ಅಮೆರಿಕದ ತಂಡವೊಂದು ಅದು ಸಿಕ್ಕಿದೆ ಅಂದಿತ್ತು. ನಮ್ಮವರು ಹಾಗೆ ಕಾಣುತ್ತಿಲ್ಲ ಅಂತ 2022ರಲ್ಲಿ ಪ್ರಕಟಿಸಿದರು. ನಮ್ಮ ಪಕ್ಕದ ಜಿಲ್ಲೆಯ ನೀರಿನ ಮೇಲೆ ನಡೆದ ಅಳತೆ ಇದು. ಕ್ಲಾಸಿನಲ್ಲಿ ಹೇಳಿ ಟೀಚರ್.

ಚಳ್ಳಕೆರೆ ಮಗಳಿಗೆ: ಸರಳ ಅನ್ನುವ ವಾದ ನನಗೂ ಇಷ್ಟ, ಆದರೆ ಪ್ರಕೃತಿ ಬಹಳ ಸಲ ಸರಳವಾದದ್ದನ್ನು ಬಿಟ್ಟು ಬೇರೆ ದಾರಿ ಹಿಡಿದಿದೆ. ವಿಶ್ವ ಹಿಗ್ಗದೆ ಸುಮ್ಮನೆ ನಿಂತಿದೆ ಅನ್ನುವುದು ಒಂದು ಕಾಲಕ್ಕೆ ಎಲ್ಲಕ್ಕಿಂತ ಸರಳವಾಗಿ ಕಂಡಿತ್ತು. ಇನ್ನು, 2024ರಲ್ಲಿ ಒಂದು ಅಂತಾರಾಷ್ಟ್ರೀಯ ತಂಡ, ಜೋಡಿ ವೃತ್ತ ಸಿಗಲಿಲ್ಲ ಅನ್ನುವ ಮಾತ್ರಕ್ಕೆ ಸುತ್ತಿಕೊಂಡ ವಿಶ್ವದ ಸಾಧ್ಯತೆ ಹೋಗಿಲ್ಲ, ನೋಡಿರದ ಜೋಡಣೆಗಳು ಇನ್ನೂ ಬಹಳ ಇವೆ ಅಂತ ತೋರಿಸಿದೆ. ವೃತ್ತ ಇಲ್ಲದೆಯೂ ನಕಾಶೆಯಲ್ಲಿ ಗುರುತು ಉಳಿದಿರಬಹುದು ಅಂತ ಅವರ ವಾದ. ನೀನು ಅನಂತದ ಮೇಲೆ ಪಣ ಕಟ್ಟು, ನಾನು ಕಾಯುತ್ತೇನೆ.

ಚಳ್ಳಕೆರೆ ಹುಡುಗಿ
ಆ ಲೇಖನ ಓದಿದ್ದೇನೆ ಸರ್. ಸಾಧ್ಯತೆ ಹೋಗಿಲ್ಲ ಅಂದರೆ ಸಿಕ್ಕಿದೆ ಅಂತ ಅರ್ಥ ಅಲ್ಲವಲ್ಲ. ಯೂಕ್ಲಿಡ್ ದೂರದರ್ಶಕ 2023ರಲ್ಲಿ ಹೋಗಿದೆ, ಗೆಲಕ್ಸಿಗಳ ಮೂರು ಆಯಾಮದ ನಕಾಶೆ ಮಾಡುತ್ತಿದೆ. ವಕ್ರತೆ ಇನ್ನೂ ಬಿಗಿ ಆಗುತ್ತೆ. ಅದು ಗೋಳದ ಕಡೆ ವಾಲಿದರೆ ನಾನೇ ಇಲ್ಲಿ ಬಂದು ಬರೆಯುತ್ತೇನೆ, ಅನಂತ ಬಿಟ್ಟೆ ಅಂತ.

ವಿನೋಬನಗರದವನು
ಇದನ್ನೆಲ್ಲ ಗುಂಪಿಗೆ ಕಳಿಸಿದೆ. 9300 ಕೋಟಿ ಅಂದವನು ಒಪ್ಪಿಕೊಂಡ. ಚಪ್ಪಟೆ ಅಂದವನು ಹಾವಿನ ಆಟ ಓದಿ, ಅದು ಪರದೆಯ ವಿಷಯ, ಮೂರು ಆಯಾಮದಲ್ಲಿ ಮೇಲೆ ಹೋದವನು ಕೆಳಗಿನಿಂದ ಬರುವುದು ಹೇಗೆ ತೋರಿಸಿ ಅನ್ನುತ್ತಿದ್ದಾನೆ. ಮೇಷ್ಟ್ರೇ, ಭಾನುವಾರ ಅವನನ್ನು ಕರೆದುಕೊಂಡು ದುರ್ಗಕ್ಕೆ ಬರಬಹುದಾ?

ದುರ್ಗದ ಮೇಷ್ಟ್ರು
ಬನ್ನಿ, ಬೆಳಗ್ಗೆ ಹತ್ತು ಗಂಟೆ ಮೇಲೆ ಬನ್ನಿ. ಕಾಗದ, ಪೆನ್ಸಿಲ್ ತನ್ನಿ.